ಹೂಂಗುಟ್ಟುವ ತಾತ

"ತೂತೇ ಇಲ್ಲದಿರೋ ಜಾಗಾನೂ ಏನಾದ್ರೂ ಹೇಳ್ತದಾ?"

ಕೀರ್ತನ ಇದನ್ನು ಗಂಟಲು ಬಿಟ್ಟು ಕೇಳಿದಳು. ಇಂಥವರನ್ನು ಅಂತ ಕೇಳಿದ್ದಲ್ಲ. ಕೇಳಿದ್ದರೂ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅವಳಪ್ಪ ಮುನಿಕೃಷ್ಣನ ನಾಲ್ಕೂ ಪವರ್‌ಲೂಮ್ ಮಗ್ಗಗಳು ಒಟ್ಟಿಗೆ ಓಡುತ್ತಿದ್ದ ಹೊತ್ತು ಅದು. ಆಗ ಅವಳಿಗೆ ಏಳು ವರ್ಷ. ಮಗ್ಗದ ನೆತ್ತಿಯ ಮೇಲೆ ಕೂತ, ಚಿತ್ತಾರ ನೇಯಿಸುವ ಜಕಾರ್ಡ್ ಯಂತ್ರದಿಂದ ಉದ್ದುದ್ದ ರಟ್ಟಿನ ಕಾರ್ಡುಗಳು, ಒಂದಕ್ಕೊಂದು ದಾರದಲ್ಲಿ ಹೆಣೆದ ಸರವಾಗಿ, ಇಳಿದು ಹತ್ತಿ ಇಳಿದು ಹತ್ತಿ ತಿರುಗುತ್ತಿದ್ದವು. ಒಂದೊಂದು ಕಾರ್ಡಿನ ಮೈತುಂಬ ತೂತು. ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಮಲಗಿರುತ್ತದೆ, ನಡುವೆ ಲಾಳಿ ಹಾದುಹೋಗುತ್ತದೆ. ಕಾರ್ಡು ಹೇಳಿದ್ದನ್ನು ಎಳೆ ಕೇಳಿ ಕೇಳಿ, ಕೊನೆಗೆ ಸೀರೆಯ ಅಂಚಿನಲ್ಲಿ ಒಂದು ಮಾವಿನಕಾಯಿ ಮೂಡುತ್ತದೆ. ಇಷ್ಟನ್ನು ಹುಡುಗಿ ತಾನೇ ಕೂತು ನೋಡಿ ಕಂಡುಕೊಂಡಿದ್ದಳು. ತೂತು ಎಳೆಗೆ ಏಳು ಅನ್ನುತ್ತದೆ, ಸರಿ. ತೂತಿಲ್ಲದ ಜಾಗ ಸುಮ್ಮನಿರುತ್ತದೋ, ಅದೂ ಮಲಗು ಅನ್ನುತ್ತದೋ?

ದೊಡ್ಡಬಳ್ಳಾಪುರದ ಸೀಮೆಯಲ್ಲಿ ಮಗ್ಗದ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಅದೊಂದು ಅನುಕೂಲ. ಮಗ್ಗ ಓಡುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಬಹುದು, ದೇವರೊಬ್ಬನ ಹೊರತು ಯಾರಿಗೂ ಗೊತ್ತಾಗುವುದಿಲ್ಲ. ತೂಬಗೆರೆಯಿಂದ ಮುಂದಕ್ಕೆ ಬಸ್ಸಿಳಿದು ನಡೆದುಹೋಗುವ ಆ ಊರಿನಲ್ಲಿ, ಮುನಿಕೃಷ್ಣನ ಮನೆಯ ಅರ್ಧ ಮಗ್ಗಕ್ಕೆ, ಉಳಿದರ್ಧ ಮನುಷ್ಯರಿಗೆ. ಕರೆಂಟು ಇರುವಷ್ಟು ಹೊತ್ತು ಮನೆಯವರು ಮಾತಾಡುವುದು ಕೈಯಲ್ಲಿ, ತುಟಿಯಲ್ಲಿ. ಎರಡು ಬೆರಳು ಹೊಸೆದರೆ ಎಳೆ ಹರಿದಿದೆ. ಅಂಗೈ ಬಾಯಿಗೆ ಹೋದರೆ ಊಟ. ಹೆಬ್ಬೆರಳು ಮೇಲೆತ್ತಿ ಬಾಗಿಸಿದರೆ ಕಾಫಿ. ಮಿಕ್ಕದ್ದಕ್ಕೆ ತುಟಿಯಾಡಿಸುತ್ತಾರೆ, ಎದುರಿಗಿದ್ದವರು ತಲೆಯಾಡಿಸುತ್ತಾರೆ. ಆ ತಲೆಯಾಟಕ್ಕೆ ಹೌದು ಅಂತ ಅರ್ಥವಿಲ್ಲ. ನೀನು ಏನೋ ಅಂದೆ, ನಾನು ನೋಡಿದೆ ಅಂತ ಮಾತ್ರ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಕೀರ್ತನಳಿಗೂ ಯಾರೂ ಹೇಳಿಕೊಡಲಿಲ್ಲ.

ಅವಳ ತಾತ ಪಿಳ್ಳಪ್ಪ ಬಾಗಿಲ ಪಕ್ಕ ಗೋಣಿತಾಟು ಹಾಸಿಕೊಂಡು, ಸವೆದ ಕಾರ್ಡುಗಳನ್ನು ಬಿಚ್ಚಿ ಹೊಸದನ್ನು ಹೆಣೆಯುತ್ತ ಕೂತಿರುತ್ತಿದ್ದ. ಹೆಂಡತಿ ಅಂಜಿನಮ್ಮ ತೀರಿಕೊಂಡ ಮೇಲೆ ಮಗ್ಗ ಮಗನಿಗೆ ಬಿಟ್ಟು ಈ ಕೆಲಸ ಹಿಡಿದಿದ್ದ. ಮೊಮ್ಮಗಳು ಹೋಗಿ ಪಕ್ಕದಲ್ಲಿ ಕೂತು ಬಾಯಾಡಿಸಿದರೆ ತಾತ ಅವಳ ಮುಖ ನೋಡಿ, ನಿಧಾನಕ್ಕೆ, ತೃಪ್ತಿಯಿಂದ ತಲೆಯಾಡಿಸುತ್ತಿದ್ದ. ಶ್ರಾವಣ ಶನಿವಾರದ ದಿನ ಆಂಜನೇಯನ ಗುಡಿಯಲ್ಲಿ ಪುರಾಣ ಓದುವಾಗ ಓದುವವರ ಎದುರಿಗೆ ಒಬ್ಬರು ಹೂಂಗುಟ್ಟಲಿಕ್ಕೇ ಕೂತಿರುತ್ತಿದ್ದುದನ್ನು ಅವಳು ನೋಡಿದ್ದಳು. ಆ ಹೂಂ ಇಲ್ಲದಿದ್ದರೆ ಓದುವವರಿಗೆ ಪದ್ಯ ಮೇಲೇಳುವುದಿಲ್ಲವಂತೆ. ಹಾಗಾದರೆ ನನಗೂ ಒಬ್ಬರಿದ್ದಾರೆ ಅಂದುಕೊಂಡಳು.

ಆವತ್ತು ಆ ತೂತಿನ ಪ್ರಶ್ನೆಯನ್ನು ತಾತನಿಗೂ ಹೇಳಿದಳು. ತಾತ ತಲೆಯಾಡಿಸಿದ. ಅಲ್ಲಿಗೆ ತೂತಿಲ್ಲದ ಜಾಗವೂ ಮಾತಾಡುತ್ತದೆ ಅಂತ ತೀರ್ಮಾನವಾಯಿತು.

ಆರನೇ ಕ್ಲಾಸಿನಲ್ಲಿ, ಎಸೆಯಲಿಕ್ಕಿಟ್ಟಿದ್ದ ಒಂದು ಹಳೇ ಸರವನ್ನು ಬಿಸಿಲಲ್ಲಿ ಹರವಿಕೊಂಡು, ಲೆಕ್ಕದ ಪುಸ್ತಕದ ಚೌಕದ ಹಾಳೆಯಲ್ಲಿ ತೂತಿದ್ದ ಕಡೆ ಕಪ್ಪು, ಇಲ್ಲದ ಕಡೆ ಬಿಳಿ ತುಂಬುತ್ತಾ ಹೋದಳು. ಸಂಜೆಯ ಹೊತ್ತಿಗೆ ಹಾಳೆಯ ಮೇಲೆ ಒಂದು ಹಂಸದ ಕತ್ತು ಕಾಣಿಸಿಕೊಂಡಿತು. ಅವಳು ಹುಟ್ಟುವುದಕ್ಕೂ ಮುಂಚೆ ನೇಯ್ದು ಮಾರಿದ ಯಾವುದೋ ಸೀರೆಯ ಹಂಸ. ಆ ಸೀರೆ ಉಟ್ಟವರು ಯಾರೋ, ಎಲ್ಲಿದ್ದಾರೋ. ಅವರ ಹಂಸ ಇಲ್ಲಿ ಅಂಗಳದಲ್ಲಿ ಮತ್ತೆ ಎದ್ದು ಬಂದಿತ್ತು. ಹುಡುಗಿ ಓಡಿಹೋಗಿ ತಾತನಿಗೆ ತೋರಿಸಿ, ಹೇಗೆ ಬಂತು ಅನ್ನುವುದನ್ನೆಲ್ಲ ಉಸಿರು ಬಿಡದೆ ಹೇಳಿದಳು. ತಾತ ಹಾಳೆ ನೋಡಿದ, ಅವಳ ಬಾಯಿ ನೋಡಿದ, ತಲೆಯಾಡಿಸಿದ.

ಹೈಸ್ಕೂಲಿನಲ್ಲಿ ಒಂದು ಕಂಪ್ಯೂಟರ್ ರೂಮು ಇತ್ತು. ಗ್ರಹಣದ ದಿನ ದೇವರಿಗೆ ಬಟ್ಟೆ ಮುಚ್ಚಿದ ಹಾಗೆ ಎಲ್ಲ ಕಂಪ್ಯೂಟರಿಗೂ ಬಟ್ಟೆ ಮುಚ್ಚಿ ಬೀಗ ಹಾಕಿದ್ದರು. ವಿಜ್ಞಾನಕ್ಕೆ ಹೊಸದಾಗಿ ಬಂದ ಶಶಿರೇಖಾ ಮಿಸ್ಸು ಹಟ ಹಿಡಿದು ಬೀಗ ತೆಗೆಸಿದರು. ಮೊದಲ ದಿನ ಬೋರ್ಡಿನ ಮೇಲೆ ಒಂದು, ಸೊನ್ನೆ ಬರೆದು, ಈ ಮಿಷನ್ನಿಗೆ ಗೊತ್ತಿರೋದು ಇವೆರಡೇ, ಇದ್ರಲ್ಲೇ ಅದು ಚಿತ್ರಾನೂ ಬರೀತದೆ ಹಾಡೂ ಹೇಳ್ತದೆ ಅಂದರು. ಕೀರ್ತನ ನಕ್ಕುಬಿಟ್ಟಳು.

"ಯಾಕಮ್ಮ ನಗ್ತೀಯ?"

"ಮಿಸ್, ಇದು ನಮ್ಮನೇಲಿ ಇದೆ."

"ನಿಮ್ಮನೇಲಿ ಕಂಪ್ಯೂಟರ್ ಇದ್ಯಾ?"

"ಇಲ್ಲ ಮಿಸ್. ಸೀರೆ ಇದೆ."

ಕ್ಲಾಸು ಕ್ಲಾಸೇ ಹೋ ಅಂತ ನಕ್ಕಿತು. ಮಿಸ್ಸಿಗೆ ಮಾತ್ರ ನಗು ಬರಲಿಲ್ಲ. ಆ ಶನಿವಾರವೇ ಮನೆಗೆ ಬಂದು ಜಕಾರ್ಡನ್ನು ಕತ್ತು ನೋಯುವವರೆಗೂ ನೋಡಿ ಹೋದರು. ಆದರೆ ಹುಡುಗರು ಬಿಡಲಿಲ್ಲ. ಅವತ್ತಿನಿಂದ ಹತ್ತನೇ ಕ್ಲಾಸು ಮುಗಿಯುವವರೆಗೂ ಅವಳ ಹೆಸರು ಸೀರೆ ಕಂಪ್ಯೂಟರು. ಕನ್ನಡ ಮೇಷ್ಟ್ರು ಷಟ್ಪದಿಗೆ ಪ್ರಸ್ತಾರ ಹಾಕಿಸುವಾಗ, ಲಘುವೊಂದು ಗುರುವೊಂದು, ಇದೂ ಅದೇ ಅಲ್ಲವಾ ಅಂತ ಅವಳಿಗೆ ಹೊಳೆದಿತ್ತು. ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಸಂಜೆ ತಾತನಿಗೆ ಹೇಳಿದಳು. ಪದ್ಯದ ಮಾತು ಅಂದಮೇಲೆ ಅವನಿಗೆ ಹೆಚ್ಚು ಖುಷಿಯಾಗಿರಬೇಕು ಅಂತ ಅವಳಿಗನ್ನಿಸಿತು.

ಹೀಗೆ ಬೆಳೆಯಿತು ಆ ಹುಚ್ಚು. ಮಿಸ್ಸಿನ ಹಳೇ ಲ್ಯಾಪ್‌ಟಾಪು ಮನೆಗೆ ಬಂತು. ಕಾರ್ಡಿನ ಸರದ ಫೋಟೋ ತೆಗೆದರೆ ತೂತುಗಳನ್ನು ತಾನೇ ಓದಿ, ಪರದೆಯ ಮೇಲೆ ಅಂಚು ಬಿಡಿಸುವ ಪ್ರೋಗ್ರಾಮ್ ಬರೆದಳು. ಒಂದು ತಪ್ಪಿಗೆ ವಾರಗಟ್ಟಲೆ ತಲೆ ಕೊಟ್ಟು, ಅದು ಸಿಕ್ಕ ದಿನ ಊಟ ಸೇರದಷ್ಟು ಸಂತೋಷಪಟ್ಟಳು. ಹಾಗೆ ಸಂತೋಷವಾದ ದಿನ ಹಂಚಿಕೊಳ್ಳಲು ಬಾಗಿಲ ಪಕ್ಕದ ಗೋಣಿತಾಟೊಂದೇ. ಅಪ್ಪನಿಗೆ ಮಗ್ಗ, ಅಮ್ಮ ಅನಸೂಯಳಿಗೆ ಒಲೆಯೂ ಮಗ್ಗವೂ.

ದೊಡ್ಡಬಳ್ಳಾಪುರದಲ್ಲಿ ಡಿಪ್ಲೊಮಾಕ್ಕೆ ಸೇರಿದ ಮೇಲೂ ಅಷ್ಟೆ. ಯೋಚನೆ ಮಾಡುವಾಗ ದನಿ ಹೊರಡಿಸದೆ ತುಟಿಯಾಡಿಸುವ ಮಗ್ಗದ ಮನೆಯ ಚಾಳಿ ಅವಳಿಗೆ ಅಂಟಿಕೊಂಡಿತ್ತು. ಲ್ಯಾಬಿನಲ್ಲಿ ಪಕ್ಕ ಕೂರುತ್ತಿದ್ದ ಬೈರೇಶ ಒಂದಿನ ಅವಳ ಮುಖದೆದುರು ಕೈಯಾಡಿಸಿದ.

"ಏನ್ ಗುರು, ಮ್ಯೂಟಲ್ಲಿದ್ಯಾ? ಬಾಯಿ ಓಡ್ತಾ ಅದೆ, ಸೌಂಡೇ ಇಲ್ಲ."

"ಏನಿಲ್ಲ. ಲೂಪ್ ಹೇಳ್ಕೋತಿದ್ದೆ."

"ಹೇಳ್ಕೋ ಹೇಳ್ಕೋ. ಮಂತ್ರ ಫಲಿಸಿದ್ರೆ ನಂಗೂ ಒಂದು ಪ್ರಸಾದ ಕೊಡು."

ಅವನು ಕೆಟ್ಟವನೇನಲ್ಲ. ಆದರೆ ಮಾರನೇ ವಾರ ಜಾಗ ಬದಲಾಯಿಸಿದ. ಎಲ್ಲರೂ ಗುಂಪುಗುಂಪಾಗಿ ಕ್ಯಾಂಟೀನಿಗೆ ಹೋದಾಗ ಕೀರ್ತನ ಬುತ್ತಿ ಬಿಚ್ಚಿಕೊಂಡು ಲ್ಯಾಬಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಅಷ್ಟೇನೂ ಬೇಜಾರಾಗುತ್ತಿರಲಿಲ್ಲ. ಸಂಜೆ ಮನೆಗೆ ಹೋದರೆ ಹೇಳಲಿಕ್ಕೆ ಜನವಿದ್ದಾರಲ್ಲ.

ಆ ಭಾನುವಾರ ಬರದಿದ್ದರೆ ಹಾಗೇ ನಡೆದುಹೋಗುತ್ತಿತ್ತೇನೋ. ತಾತನ ಪಕ್ಕ ಕೂತು ಯಾವುದೋ ಪ್ರೋಗ್ರಾಮಿನ ಕಥೆ ಹೇಳುತ್ತಿದ್ದಳು. ತಾತ ತಲೆಯಾಡಿಸುತ್ತಲೇ ಇದ್ದ. ಅವಳು ಹೇಳುವುದನ್ನು ನಿಲ್ಲಿಸಿದಳು. ತಲೆ ಆಡುವುದು ನಿಲ್ಲಲಿಲ್ಲ. ಅವಳಿಗೆ ನಗು ಬಂತು. ತಮಾಷೆಗೆ ಅಂದಳು:

"ತಾತ, ನಿನ್ನ ಎಲೆಯಡಿಕೆ ಚೀಲಾನ ಮೇಕೆ ತಿಂದ್ಬಿಡ್ತು."

ತಾತ ಅವಳ ಬಾಯಿ ನೋಡಿ ತಲೆಯಾಡಿಸಿದ.

"ನಾಳೆ ಚಂದ್ರಲೋಕಕ್ಕೆ ಹೋಗ್ತಾ ಇದೀನಿ. ಬುತ್ತಿ ಕಟ್ಸು."

ಇನ್ನೂ ತೃಪ್ತಿಯಿಂದ ತಲೆಯಾಡಿಸಿದ.

ಅವಳ ನಗು ಇಳಿಯಿತು. ಮೆಲ್ಲಗೆ ಅಂಗೈಯನ್ನು ಬಾಯಿಗೆ ತಂದಳು. ತಾತ ಕಾರ್ಡು ಕೆಳಗಿಟ್ಟು, ಮಂಡಿ ಹಿಡಿದುಕೊಂಡು, ಊಟಕ್ಕೆ ಎದ್ದು ಹೋದ.

ಅಮ್ಮ ಒಲೆ ಮುಂದೆ ಹುರುಳಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಕೀರ್ತನ ಹೋಗಿ ಅಡುಗೆಮನೆಯ ಬಾಗಿಲನ್ನು ಹಿಂದೆ ಎಳೆದುಕೊಂಡು ನಿಂತಳು. ಬಾಗಿಲು ಹಾಕಿದರೆ ಅಲ್ಲಿ ಕೂಗಿದ ಮಾತು ಕೇಳುತ್ತದೆ.

"ಅಮ್ಮ, ತಾತಂಗೆ ನಾನು ಹೇಳೋದು ಏನೂ ಗೊತ್ತಾಗಲ್ವಾ?"

"ಕಿವಿ ಎಲ್ಲೈತೆ ಮಾವಂಗೆ? ನೀನು ತೊಟ್ಟಿಲಲ್ಲಿದ್ದಾಗ್ಲೇ ಹೋಯ್ತಲ್ಲ. ಮಗ್ಗ ತಿಂದ್ಕೊಂಡ್ಬಿಡ್ತು."

"ಅದು ಗೊತ್ತು. ತುಟಿ ನೋಡಿ ತಿಳ್ಕೋತಾರೆ ಅಂದ್ಕೊಂಡಿದ್ದೆ."

"ತಿಳೀತದೆ. ಊಟ, ಕಾಫಿ, ಕರೆಂಟು, ಎಳೆ. ನಮ್ಮನೇಲಿ ಇನ್ನೇನ್ ಮಾತೈತೆ?"

"ಮತ್ತೆ ಇಷ್ಟು ವರ್ಷ ತಲೆ ಆಡಿಸ್ತಿದ್ರಲ್ಲ."

ಅನಸೂಯ ತಿರುಗಿ ಮಗಳ ಮುಖ ನೋಡಿದಳು. "ಯಾರ್ ಬಾಯಾಡ್ಸಿದ್ರೂ ನಾವೆಲ್ಲ ತಲೆ ಆಡಿಸ್ತೀವಿ ಕಣೇ. ನೀನೂ ಆಡಿಸ್ತೀಯ. ಬೆಳಿಗ್ಗೆ ಮಗ್ಗದ ತಾವ ನಿಮ್ಮಪ್ಪ ನಿಂಗೇನ್ ಹೇಳಿದ್ರು, ಹೇಳು ನೋಡನ."

ಕೀರ್ತನ ನೆನಪು ಮಾಡಿಕೊಂಡಳು. ಅಪ್ಪನ ತುಟಿ ಆಡಿದ್ದು ನೆನಪಿತ್ತು. ತಾನು ತಲೆಯಾಡಿಸಿದ್ದೂ ನೆನಪಿತ್ತು.

ಮೇಲೆ ಹೋಗಿ ತಾರಸಿಯ ಗೋಡೆಗೆ ಒರಗಿ ಕೂತಳು. ಕೆಳಗೆ ನಾಲ್ಕು ಮಗ್ಗ, ಆಚೆ ಮನೆಗಳ ಮಗ್ಗ, ಊರೆಲ್ಲ ಟಕಟಕ. ಹಂಸ, ಒಂದು ಸೊನ್ನೆ, ಲಘು ಗುರು, ಲೂಪು, ಹನ್ನೆರಡು ವರ್ಷದ ಮಾತು. ಒಂದೇ ಒಂದು ಅಕ್ಷರ ಇನ್ನೊಂದು ಜೀವಕ್ಕೆ ಮುಟ್ಟಿರಲಿಲ್ಲ. ಯಾರ ಮೇಲೂ ಸಿಟ್ಟು ಬರಲಿಲ್ಲ. ಬರುವ ಹಾಗಿದ್ದರೆ ವಾಸಿಯಿತ್ತು. ಗುಡಿಯಲ್ಲಿ ಒಬ್ಬಳೇ ಕೂತು ಕಂಬಕ್ಕೆ ಪುರಾಣ ಓದಿ ಮುಗಿಸಿದಂತೆ ಆಗಿತ್ತು ಅವಳಿಗೆ.

ಮಾರನೇ ದಿನದಿಂದ ಅವಳಿಗೆ ಬೇಕಾದದ್ದು ಒಂದೇ ಆಯಿತು. ತಾತ ತನ್ನ ಮಾತು ಕೇಳಬೇಕು. ಮೊದಲಿಂದ, ಎಲ್ಲ, ಕಿವಿಯಿಂದ.

ಕಿವಿಗೆ ಹಾಕುವ ಮಿಷನ್ನು ಪಿಳ್ಳಪ್ಪನಿಗೆ ಹಿಂದೆ ಒಂದು ಕ್ಯಾಂಪಿನಲ್ಲಿ ಕೊಟ್ಟಿದ್ದರು. ಅದು ಮಗ್ಗದ ಸದ್ದನ್ನೇ ನಾಲ್ಕರಷ್ಟು ಮಾಡಿ ಒಳಕ್ಕೆ ಹೊಡೆಯುತ್ತದೆ ಅಂತ ಅವನು ಕಿತ್ತು ಗೂಡಿನಲ್ಲಿಟ್ಟಿದ್ದ. ಅಲ್ಲೇ ಇರುವುದು ಸಮಸ್ಯೆ ಅಂತ ಕೀರ್ತನಳಿಗೆ ಗೊತ್ತಾಯಿತು. ಮಗ್ಗವನ್ನು ತೆಗೆದು ಮಾತನ್ನಷ್ಟೇ ಉಳಿಸಿ ದೊಡ್ಡದು ಮಾಡಬೇಕು. ಶಶಿರೇಖಾ ಮಿಸ್ಸಿಗೆ ಫೋನು ಮಾಡಿದಳು.

"ಮಗ್ಗ ಹೆಂಗ್ ಸದ್ದು ಮಾಡ್ತದೆ, ಹೇಳು?" ಅಂದರು ಮಿಸ್ಸು.

"ಟಕ ಟಕ ಅಂತ, ಮಿಸ್."

"ಅದು ಊರ ಹೊರಗಿನೋರು ಹೇಳೋ ಮಾತು. ನೀನು ಹುಟ್ಟಿದಾಗಿಂದ ಅದನ್ನ ಕೇಳೇ ಇಲ್ಲ ಕಣಮ್ಮ. ಮೊದ್ಲು ಕೂತ್ಕೊಂಡು ಕೇಳು."

ನಿಜವಾಗಿತ್ತು. ಅವಳು ಹೊಸ್ತಿಲ ಮೇಲೆ ಕಣ್ಣುಮುಚ್ಚಿ, ಪುರಾಣಕ್ಕೆ ಕೂತವರ ಹಾಗೆ ಕೂತಳು. ದಿನ ಕಳೆದಂತೆ ಮಗ್ಗಗಳು ಬೇರೆಬೇರೆಯಾದವು. ಕಿಟಕಿ ಪಕ್ಕದ್ದು ಮೂರರ ನಡೆ, ಗೋಡೆ ಕಡೆಯದು ನಾಲ್ಕರದು, ಒಂದಕ್ಕೆ ಪಾದದ ಕೊನೆಯಲ್ಲಿ ಸಣ್ಣದೊಂದು ಕುಂಟು. ಒಂದೊಂದೂ ತನ್ನ ಸಾಲನ್ನು ತಾನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿತ್ತು. ಮನುಷ್ಯರ ಮಾತು ಹಾಗಲ್ಲ, ಹೋದ ದಾರಿಯಲ್ಲಿ ತಿರುಗಿ ಬರುವುದಿಲ್ಲ. ಪದೇಪದೇ ಬರುವುದನ್ನು ಮಿಷನ್ನು ಕಲಿತುಕೊಂಡು ಅಳಿಸಿದರೆ, ಮಿಕ್ಕದ್ದು ಮಾತು.

ಹೇಳಿದಷ್ಟು ಸುಲಭವಾಗಲಿಲ್ಲ. ಮೊದಮೊದಲು ಮಗ್ಗದ ಜೊತೆ ಮಾತೂ ಹೋಯಿತು. ಒಂದು ಸಲವಂತೂ, ಅಮ್ಮ ದಿನಾ ಒಂದೇ ರಾಗದಲ್ಲಿ ಕೂಗುವ "ಊಟಕ್ಕೆ ಬಾರೇ" ಅನ್ನುವುದನ್ನು ಅದೂ ಒಂದು ಮಗ್ಗ ಅಂತ ತಿಳಿದು ನೀಟಾಗಿ ಒರೆಸಿಹಾಕಿತು. ಕೀರ್ತನ ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇದನ್ನು ತಾತನಿಗೆ ಮೊದಲು ಹೇಳಬೇಕು ಅಂದುಕೊಂಡಳು. ಹಾಗೆ ಹೇಳಬೇಕಾದವುಗಳು ಸಾಲುಗಟ್ಟಿದವು. ಮಿಸ್ಸು ತರಿಸಿಕೊಟ್ಟ ಅಂಗೈಯಗಲದ ಸರ್ಕ್ಯೂಟ್ ಬೋರ್ಡು, ಮೈಕು, ಇಯರ್‌ಫೋನು, ಎಲ್ಲ ಸೇರಿ ಒಂದು ಸೋಪಿನ ಡಬ್ಬಿಯೊಳಗೆ ಕೂತವು. ದೀಪಾವಳಿ ಕಳೆದಿತ್ತು.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ನಾಲ್ಕೂ ಮಗ್ಗ ಓಡುತ್ತಿರುವಾಗಲೇ, ಡಬ್ಬಿಯನ್ನು ತಾತನ ಅಂಗಿ ಜೇಬಿಗೆ ಇಟ್ಟು, ಇಯರ್‌ಫೋನನ್ನು ಎರಡೂ ಕಿವಿಗೆ ಸಿಗಿಸಿದಳು. ಪಿಳ್ಳಪ್ಪ ಮಗುವಿನಂತೆ ಸುಮ್ಮನೆ ಕಿವಿ ಕೊಟ್ಟ.

"ತಾತ," ಅಂದಳು.

ಪಿಳ್ಳಪ್ಪ ಬೆಚ್ಚಿ ಹಿಂದೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. "ಯಾರದು?" ಅಂತ ಮಗ್ಗದ ಸದ್ದಿಗೂ ಮೇಲೆ ಕೂಗಿದ.

"ನಾನು ತಾತ. ಕೀರ್ತನ."

ಅವನು ಅವಳ ಬಾಯನ್ನೇ ನೋಡಿದ. "ನಿನ್ನ ಗಂಟಲು ಇಷ್ಟು ದಪ್ಪ ಅಂತ ಗೊತ್ತಿರಲಿಲ್ಲ ಕಣಮ್ಮಣ್ಣಿ," ಅಂದ.

ಅಮ್ಮ ಸೆರಗಿನಲ್ಲಿ ಕೈಯೊರೆಸಿಕೊಳ್ಳುತ್ತ ಬಂದಳು. ಅಪ್ಪ ಮಗ್ಗಗಳ ನಡುವಿನಿಂದಲೇ ಕತ್ತು ಚಾಚಿ ಕೂಗಿದ. "ನಾನ್ ಮಾತಾಡದೂ ಕೇಳ್ತದಾ ಅಪ್ಪಾ?"

"ಕೇಳ್ತದೆ. ನಿಂದು ಮೊದ್ಲೇ ಬೇಕಾದಷ್ಟು ಕೇಳಿದೀನಿ, ನೀನು ಮಗ್ಗ ನೋಡ್ಕೊ."

ಎಲ್ಲರೂ ನಕ್ಕರು. ಆಮೇಲೆ ಅವರವರ ಕೆಲಸಕ್ಕೆ ಹೋದರು. ಕೀರ್ತನ ಗೋಣಿತಾಟಿನ ಮೇಲೆ ಕಾಲು ಮಡಚಿ ಕೂತು, ಎರಡನೇ ಕ್ಲಾಸಿನ ಆ ತೂತಿನ ಪ್ರಶ್ನೆಯಿಂದ ಶುರುಮಾಡಿದಳು. ಗಂಟಲು ಕಟ್ಟುವವರೆಗೂ ಹೇಳಿದಳು. ಆ ಹೊತ್ತಿಡೀ ತಾತ ಒಂದು ಸಲವೂ ತಲೆಯಾಡಿಸಲಿಲ್ಲ. ಕೇಳಿಸುತ್ತಿದೆಯಲ್ಲ, ತಲೆಯಾಡಿಸುವುದು ಯಾಕೆ ಬೇಕು ಅಂದುಕೊಂಡು ಅವಳ ಮನಸ್ಸು ತುಂಬಿ ಬಂತು. ನಡುನಡುವೆ ಅವನು ಕತ್ತನ್ನು ಓರೆ ಮಾಡಿ, ಜನಜಂಗುಳಿಯಲ್ಲಿ ಯಾರನ್ನೋ ಹುಡುಕುವವನಂತೆ ಮಗ್ಗದ ಕಡೆ ನೋಡುತ್ತಿದ್ದ. ಅಭ್ಯಾಸವಿಲ್ಲವಲ್ಲ, ಸರಿಹೋಗುತ್ತದೆ ಅಂದುಕೊಂಡಳು. ಹಂಸದ ಕತ್ತಿನವರೆಗೆ ಬಂದಿದ್ದಳು. ದೀಪ ಹಚ್ಚುವ ಹೊತ್ತಾಯಿತು. ತಾತ ಇಯರ್‌ಫೋನು ತೆಗೆದು ಅವಳ ಕೈಗಿಟ್ಟು, "ಇವತ್ತಿಗೆ ಸಾಕು," ಅಂದ.

ಮಾರನೇ ದಿನ ಕಾಲೇಜಿನಲ್ಲಿ ಅವಳಿಗೆ ಪಾಠ ಹತ್ತಲಿಲ್ಲ. ಬಸ್ಸಿಳಿದವಳು ಹೆಚ್ಚೂಕಡಿಮೆ ಓಡಿದಳು. ಕರೆಂಟು ಹೋಗಿತ್ತು. ಊರು ಅಪರೂಪಕ್ಕೆ ಸುಮ್ಮನಿತ್ತು, ಯಾರ ಮನೆಯದೋ ಕೋಳಿ ಕೂಡ ಕೇಳಿಸುವಷ್ಟು. ತಾತ ಗೋಣಿತಾಟಿನ ಮೇಲೆ ಕಾರ್ಡು ಹೆಣೆಯುತ್ತಿದ್ದ. ಕಿವಿ ಖಾಲಿ. ತಲೆ ಮೆಲ್ಲಗೆ, ತೃಪ್ತಿಯಿಂದ ಆಡುತ್ತಿತ್ತು. ಅವನೆದುರು ಯಾರೂ ಇರಲಿಲ್ಲ.

ಸೋಪಿನ ಡಬ್ಬಿ ದೇವರ ಗೂಡಿನಲ್ಲಿತ್ತು. ಹಳದಿ ಬಟ್ಟೆ ಸುತ್ತಿ, ಮೇಲೆ ಕುಂಕುಮವಿಟ್ಟು, ಒಂದು ಸೇವಂತಿಗೆ ಹೂವು ಏರಿಸಿದ್ದ.

ಅವಳು ಅದನ್ನು ತೆಗೆದುಕೊಂಡು ಹೋಗಿ ತಾತನೆದುರು ಕೂತು ಚಾಚಿದಳು. ಪಿಳ್ಳಪ್ಪ ಅದನ್ನು ಅವಳ ಕೈಯೊಳಗೇ ಮಡಚಿದ. ಕಿವಿ ಇಲ್ಲದವರ ಜೋರು ದನಿಯಲ್ಲಿ, ಇಡೀ ಬೀದಿಗೆ ಕೇಳುವಂತೆ, ಆದರೆ ಗುಟ್ಟು ಹೇಳುವವನ ಮುಖ ಮಾಡಿಕೊಂಡು ಮಾತಾಡಿದ.

"ನಿಮ್ಮಜ್ಜಿಗೆ ಓದು ಬರ್ತಿರಲಿಲ್ಲ ಅಮ್ಮಣ್ಣಿ. ಗುಡೀಲಿ ಕೇಳಿ ಕೇಳಿ ಎಲ್ಲಾ ಪದ್ಯ ಬಾಯಲ್ಲಿ ಇಟ್ಕೊಂಡಿದ್ಲು. ಲಾಳಿಗೆ ಕಂಡಿಕೆ ನೂಲು ಸುತ್ತುತಾ ಹೇಳೋಳು. ಮಗ್ಗದ ಸದ್ದಲ್ಲಿ ಯಾರಿಗ್ ಕೇಳ್ಬೇಕು? ನಂಗೂ ಕೇಳ್ತಿರಲಿಲ್ಲ. ತುಟಿ ಆಡೋದು ನೋಡಿ ತಲೆ ಆಡಿಸ್ತಿದ್ದೆ. ಅವಳು ಹೋದ್ಲು. ಆಮೇಲೆ ಕಿವೀನೂ ಹೋಯ್ತು. ಹೋಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ, ಒಳಗಿಂದ ಶುರುವಾಯ್ತು. ಅವಳದೇ ದನಿ. ಮೊದಲನೇ ಪದ್ಯದಿಂದ ಮಂಗಳದವರೆಗೂ, ಒಂದು ಅಕ್ಷರ ಬಿಡಲ್ಲ. ಮುಗಿದ್ರೆ ಮತ್ತೆ ಮೊದಲಿಂದ. ಬದುಕಿದ್ದಾಗ ಕೇಳದೇ ಇದ್ದದ್ದೆಲ್ಲ ಈಗ ಕೇಳ್ತಾ ಇದೀನಿ."

ಕಿವಿಗೆ ಸದ್ದು ಬರದೇ ಹೋದಾಗ ಮಿದುಳೇ ಒಂದು ಸದ್ದು ಕಟ್ಟಿಕೊಳ್ಳುತ್ತದೆ ಅಂತ ಕೀರ್ತನ ಓದಿದ್ದಳು. ಡಬ್ಬಿ ಮಾಡುವಾಗಲೇ ಓದಿದ್ದಳು. ಅದನ್ನು ಬಾಯಿಬಿಟ್ಟು ಹೇಳಲೂಬಹುದಿತ್ತು. ಹೇಳಿದ್ದರೂ ತಾತ ತಲೆಯಾಡಿಸುತ್ತಿದ್ದ, ಅಷ್ಟೆ.

"ನಿನ್ನೆ ಇದನ್ನ ಹಾಕ್ಕೊಂಡ್ನಲ್ಲ," ಅಂದ ಪಿಳ್ಳಪ್ಪ, "ಮಗ್ಗ ಹೋಯ್ತು. ಸರಿ. ನೀನು ಬಂದೆ. ಸರಿ. ಅವಳು ಎದ್ದು ಹೋದ್ಲು. ಎಲ್ಲಿ ಹೋದ್ಲು ಅಂತ ಹುಡುಕಿ ಹುಡುಕಿ ಸಾಕಾಯ್ತು. ತೆಗೆದ್ಮೇಲೂ ಬರಲಿಲ್ಲ. ಕಾದೆ. ಇವತ್ತು ಬಿಸಿಲೇರೋ ಹೊತ್ತಿಗೆ ಬಂದವಳೆ. ಬಿಟ್ಟ ಕಡೆಯಿಂದ ಹೇಳ್ತಾಳೇನೋ ಅಂತಿದ್ದೆ, ಇಲ್ಲ, ಮತ್ತೆ ಮೊದಲಿಂದ."

ಹಾಗೆ ಹೇಳುವಾಗಲೂ ಅವನ ತಲೆ ಆಡುತ್ತಿತ್ತು. ಹಂಸವನ್ನು ತೋರಿಸಿದ ದಿನ ಆಡಿದ್ದು ಹೀಗೆಯೇ. ಮೇಕೆಯ ಮಾತಿಗೆ ಆಡಿದ್ದೂ ಹೀಗೆಯೇ. ಅದು ಯಾರಿಗೆ ಹಾಕಿದ ಹೂಂ ಅಂತ ಕೀರ್ತನಳಿಗೆ ಈಗ ಕಾಣಿಸಿತು.

ಕರೆಂಟು ಬಂತು. ಒಳಗೆ ಅಪ್ಪ ಒಂದೊಂದೇ ಮಗ್ಗ ಎಬ್ಬಿಸಿದ. ಕಿಟಕಿ ಪಕ್ಕದ ಮೂರರ ನಡೆ, ಗೋಡೆ ಕಡೆಯ ನಾಲ್ಕು, ಕುಂಟುವುದೊಂದು. ಇನ್ನು ಏನು ಹೇಳಿದರೂ ತನಗೇ ಕೇಳಿಸುವುದಿಲ್ಲ.

ಅವಳು ಡಬ್ಬಿಯನ್ನು ಎತ್ತಿ ತೋರಿಸಿದಳು. ಆಮೇಲೆ ತನ್ನ ಬಾಯಿಗೆ ಬೆರಳಿಟ್ಟಳು, ಅವನ ಕಿವಿಗೆ ಬೆರಳಿಟ್ಟಳು. ಮಗ್ಗದ ಮನೆಯ ಕೈಮಾತಿನಲ್ಲಿ ನನ್ನ ಮಾತು ಕೇಳು ಅನ್ನುವುದಕ್ಕೆ ಸನ್ನೆಯಿಲ್ಲ, ಅವಳೇ ಮಾಡಿಕೊಳ್ಳಬೇಕಾಯಿತು. ಒಂದೇ ಬೆರಳು ಎತ್ತಿದಳು. ಒಂದೇ ಒಂದು ಸಲ. ಹಂಸದಿಂದ ಈಚೆಗೆ ಇನ್ನೂ ಏನೂ ಹೇಳಿಲ್ಲ. ದನಿಯಿಲ್ಲದೆ, ತುಟಿಯನ್ನು ಬಿಡಿಸಿ ಬಿಡಿಸಿ, "ಒಂದ್ಸಲ ಹಾಕ್ಕೊ ತಾತ," ಅಂದಳು.

ಪಿಳ್ಳಪ್ಪ ಅವಳ ಬಾಯಿಯನ್ನು ಬಹಳ ಹೊತ್ತು ನೋಡಿದ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ಅಂದದ್ದು ಅವನಿಗೆ ಪೂರ್ತಿ ತಿಳಿದಿತ್ತು. ಆಡುತ್ತಿದ್ದ ತಲೆ ನಿಂತಿತು.

"ಇಲ್ಲ ಕಣಮ್ಮಣ್ಣಿ," ಅಂದ. "ಹಾಕ್ಕೊಳಲ್ಲ."